ಬೆಳಿಗ್ಗೆ ಏಳಕ್ಕೇ ರೂಮ್ ಸಿಕ್ಕಿತು!

ರಾತ್ರಿಯಿಡೀ ವಿಮಾನದಲ್ಲಿ ಕತ್ತು ವಾಲಿಸಿಕೊಂಡು ಕೂತು ಬಂದವರಿಗೆ ಹೋಟೆಲ್ ಕೌಂಟರ್‌ನಲ್ಲಿ "ನಿಮ್ಮ ರೂಮ್ ರೆಡಿ ಇದೆ" ಅಂದ್ರೆ ಹೇಗಾಗಬೇಡ! ಕೀ ಕಾರ್ಡ್ ಕೊಟ್ಟ ಹುಡುಗಿಗೆ ಎಷ್ಟು ಸಲ ಥ್ಯಾಂಕ್ಸ್ ಹೇಳಿದೆನೋ, ಕೊನೆಗೆ ಅವಳೇ ನಕ್ಕು ಲಿಫ್ಟ್ ಕಡೆ ಕೈ ತೋರಿಸಿದಳು.

ಸಾಮಾನ್ಯವಾಗಿ ಚೆಕ್-ಇನ್ ಅಂದ್ರೆ ಮಧ್ಯಾಹ್ನ 2 ಅಥವಾ 3 ಗಂಟೆ. ಹಿಂದಿನವರು 11-12ಕ್ಕೆ ಖಾಲಿ ಮಾಡಿ, ಹಾಸಿಗೆ ಬದಲಾಯಿಸಿ, ಬಾತ್‌ರೂಮ್ ತೊಳೆದು ಮುಗಿಸುವ ಹೊತ್ತಿಗೆ ಅಷ್ಟಾಗೇ ಆಗುತ್ತದೆ, ಪಾಪ ಅವರಾದರೂ ಏನು ಮಾಡುತ್ತಾರೆ. ರಾತ್ರಿ ಯಾರೂ ಉಳಿಯದ ರೂಮ್ ಒಂದಿದ್ದರೆ ಮಾತ್ರ ನಮ್ಮ ಅದೃಷ್ಟ. ವಿಮಾನ ಇಳಿಯುವ ಸಮಯ ಮೊದಲೇ ಬರೆದು ಕಳಿಸಿದ್ದೂ ಕೆಲಸ ಮಾಡಿರಬೇಕು. ಗ್ಯಾರಂಟಿಯೇ ಬೇಕು ಅಂದ್ರೆ ಹಿಂದಿನ ರಾತ್ರಿಗೂ ಸೇರಿಸಿ ಬುಕ್ ಮಾಡಬೇಕು, ಜೊತೆಗೆ ಬರುವುದು ಬೆಳಿಗ್ಗೆ ಅಂತ ತಿಳಿಸಲೂಬೇಕು, ಇಲ್ಲದಿದ್ದರೆ ಬರಲೇ ಇಲ್ಲ ಅಂದುಕೊಂಡು ಬುಕಿಂಗನ್ನೇ ರದ್ದು ಮಾಡಿಬಿಟ್ಟಾರು.

ಲಾಬಿಯ ಸೋಫಾದಲ್ಲಿ ಒಬ್ಬರು ಸೂಟ್‌ಕೇಸಿಗೆ ತಲೆ ಆನಿಸಿ ತೂಕಡಿಸುತ್ತಿದ್ದರು. ಅವರನ್ನು ದಾಟಿ ಬರುವಾಗ ಯಾಕೋ ಕೀ ಕಾರ್ಡನ್ನು ಜೇಬಿಗೆ ಹಾಕಿಕೊಂಡೆ.

ಇಷ್ಟು ದೂರ ಹಾರಿ ಬಂದಿದ್ದು ಊರು ನೋಡೋಕೆ, ಈಗ ನೋಡಿದರೆ ಕಾಲು ಚಾಚೋಕೆ ಜಾಗ ಸಿಕ್ಕಿದ್ದೇ ದೊಡ್ಡ ಖುಷಿ. ಊರು ಎಲ್ಲಿಗೂ ಓಡಿಹೋಗಲ್ಲ ಅಲ್ವಾ? ಫೋನ್ ಮಾಡೋರು ದಯವಿಟ್ಟು ಸಂಜೆ ಮಾಡಿ.