‘ಮರ್ಡರ್ ಬೈ ದ ಬುಕ್’: ಮತ್ತೊಮ್ಮೆ ನೋಡಿದಾಗ

14 ಜೂನ್ 2025, ಶನಿವಾರ

ನಿನ್ನೆ ರಾತ್ರಿ ನಿದ್ದೆ ಹತ್ತದೆ, ‘ಕೊಲಂಬೊ’ ಎಂಬ ಪತ್ತೇದಾರಿ ಧಾರಾವಾಹಿಯ ‘ಮರ್ಡರ್ ಬೈ ದ ಬುಕ್’ ಕಂತನ್ನು ಬಹಳ ವರ್ಷಗಳ ಬಳಿಕ ಮತ್ತೆ ನೋಡಿದೆ. ಇದಕ್ಕೂ ಮುನ್ನ ಕೊಲಂಬೊನ ಎರಡು ಟೆಲಿಚಿತ್ರಗಳು ಬಂದಿದ್ದವಾದರೂ, ಧಾರಾವಾಹಿಯಾಗಿ ಅದು ಆರಂಭವಾದದ್ದು 1971ರ ಸೆಪ್ಟೆಂಬರ್ 15ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಿತ್ತರಗೊಂಡ ಈ ಕಂತಿನಿಂದಲೇ. ನಿರ್ದೇಶಿಸಿದ ಸ್ಟೀವನ್ ಸ್ಪಿಲ್‌ಬರ್ಗ್‌ಗೆ ಆಗ 24 ವರ್ಷ. ಬರೆದ ಸ್ಟೀವನ್ ಬಾಚ್ಕೊ ಹತ್ತು ವರ್ಷಗಳ ನಂತರ ‘ಹಿಲ್ ಸ್ಟ್ರೀಟ್ ಬ್ಲೂಸ್’ ಎಂಬ ಪೊಲೀಸ್ ಧಾರಾವಾಹಿಯನ್ನು ರೂಪಿಸಿದವರಲ್ಲಿ ಒಬ್ಬರು.

ಆರಂಭದ ದೃಶ್ಯದಲ್ಲಿ ಸಂಗೀತವಿಲ್ಲ, ಟೈಪ್‌ರೈಟರಿನ ಟಕಟಕ ಸದ್ದೊಂದೇ ಇದೆ. ಎತ್ತರದ ಕಟ್ಟಡದ ಕಚೇರಿಯೊಂದರಲ್ಲಿ ಜಿಮ್ ಫೆರಿಸ್ ಬರೆಯುತ್ತ ಕುಳಿತಿದ್ದರೆ, ಅವನ ಸಹಲೇಖಕ ಕೆನ್ ಫ್ರಾಂಕ್ಲಿನ್ ಕಾರಿನಲ್ಲಿ ಬರುತ್ತಿದ್ದಾನೆ. ಕಾರು ಕಾಣಿಸಿದಾಗಲೂ ಕೇಳಿಸುವುದು ಅದೇ ಟಕಟಕ. ಮೊದಲ ಸಲ ನೋಡಿದಾಗ ಇದನ್ನು ತರುಣ ನಿರ್ದೇಶಕನೊಬ್ಬನ ಚಮತ್ಕಾರವೆಂದು ಮೆಚ್ಚಿ ಸುಮ್ಮನಾಗಿದ್ದೆ. ಒಬ್ಬ ದುಡಿಯುತ್ತಾನೆ, ಇನ್ನೊಬ್ಬ ಆ ದುಡಿಮೆಯ ಮೇಲೆ ಸವಾರಿ ಮಾಡುತ್ತಾನೆ ಎಂಬ ಸಂಗತಿಯನ್ನು ಮಾತಿಲ್ಲದೆ ಅಲ್ಲೇ ಹೇಳಿಬಿಟ್ಟಿದ್ದಾರೆಂದು ಹೊಳೆದದ್ದು ನಿನ್ನೆ.

ಇಬ್ಬರ ಹೆಸರಿನಲ್ಲೂ ಬರುವ ಮಿಸೆಸ್ ಮೆಲ್ವಿಲ್ ಎಂಬ ಪತ್ತೇದಾರಿಣಿಯ ಕಾದಂಬರಿಗಳನ್ನು ನಿಜವಾಗಿ ಬರೆಯುವವನು ಜಿಮ್. ಸಂದರ್ಶನ, ಸಮಾರಂಭಗಳಲ್ಲಿ ಮಿಂಚುವವನು ಕೆನ್. ಇನ್ನು ಒಬ್ಬನೇ ಬರೆಯುತ್ತೇನೆಂದು ಜಿಮ್ ನಿರ್ಧರಿಸಿದಾಗ, ಕೆನ್ ಅವನನ್ನು ಪುಸಲಾಯಿಸಿ ಸ್ಯಾನ್ ಡಿಯಾಗೊ ಕಡೆಯ ತನ್ನ ಮನೆಗೆ ಕರೆದೊಯ್ಯುತ್ತಾನೆ. ಲಾಸ್ ಏಂಜಲೀಸ್‌ನ ಕಚೇರಿಯಲ್ಲೇ ಕೆಲಸ ಮಾಡುತ್ತಿದ್ದೇನೆಂದು ಹೆಂಡತಿಗೆ ಫೋನಿನಲ್ಲಿ ಸುಳ್ಳು ಹೇಳಿಸಿ, ಮಾತಿನ ನಡುವೆಯೇ ಗುಂಡು ಹಾರಿಸುತ್ತಾನೆ. ಗುಂಡಿನ ಸದ್ದು ಕೇಳಿದವಳ ಪಾಲಿಗೆ ಕೊಲೆ ನಡೆದದ್ದು ಕಚೇರಿಯಲ್ಲಿ; ಆ ಹೊತ್ತಿಗೆ ಕೆನ್ ಇದ್ದದ್ದು ದೂರದ ಊರಿನಲ್ಲಿ. ಕೊಲೆಗಾರ ಯಾರೆಂದು ನಮಗೆ ಮೊದಲೇ ಗೊತ್ತು. ಸಿಕ್ಕಿಬೀಳುವುದು ಹೇಗೆ ಎಂಬುದೊಂದೇ ಕುತೂಹಲ, ಮತ್ತು ಅದು ಈ ಧಾರಾವಾಹಿಯ ಕಾಯಂ ವರಸೆ.

ಪೀಟರ್ ಫಾಕ್ ಅಭಿನಯಿಸಿದ ಪೊಲೀಸ್ ಪತ್ತೇದಾರ ಕೊಲಂಬೊ ಈ ಕಂತಿನಲ್ಲಿ ಇನ್ನೂ ಅತಿಯಾಗಿ ಗೊಣಗುವುದಿಲ್ಲ, ಪೇಚಾಡುವ ನಟನೆಯನ್ನೂ ಎಳೆಯುವುದಿಲ್ಲ. ನನಗೆ ಈ ಹದವೇ ಹೆಚ್ಚು ಇಷ್ಟ. ಜಿಮ್‌ನ ಹೆಂಡತಿ ಜೊಆನಾಳನ್ನು ಮನೆಗೆ ತಲುಪಿಸಿದ ಮೇಲೆ ಅವಳ ಅಡುಗೆಮನೆಯಲ್ಲಿ ನಿಂತು ಆಮ್ಲೆಟ್ ಮಾಡಿಕೊಡುತ್ತಾನೆ. ಮೊಟ್ಟೆ ಒಡೆಯುತ್ತಲೇ ಪ್ರಶ್ನೆ ಕೇಳುವ ಆ ದೃಶ್ಯದಲ್ಲಿ ಅನುಕಂಪ ಎಲ್ಲಿ ಮುಗಿದು ವಿಚಾರಣೆ ಎಲ್ಲಿ ಶುರುವಾಯಿತೆಂದು ಗೆರೆ ಎಳೆದು ತೋರಿಸಲಾಗದು. ಕೆನ್‌ನ ಮೇಲೆ ಅವನಿಗೆ ಅನುಮಾನ ಬೇರೂರುವುದು ಕೂಡ ತೀರ ಸಣ್ಣ ಸಂಗತಿಯಿಂದ: ಲಾಸ್ ಏಂಜಲೀಸ್‌ನ ತನ್ನ ಮನೆಯ ಹುಲ್ಲುಹಾಸಿನ ಮೇಲೆ ಗೆಳೆಯನ ಹೆಣ ಬಿದ್ದಿರುವಾಗ ಈ ಮನುಷ್ಯ ಪೊಲೀಸರಿಗೆ ಫೋನು ಮಾಡಿ, ಬಳಿಕ ಕುಳಿತು ಅಂಚೆಯಲ್ಲಿ ಬಂದ ಬಿಲ್ಲುಗಳನ್ನು ಒಡೆದು ನೋಡಿದ್ದಾನೆ.

ದಾರಿಯ ಅಂಗಡಿಯೊಡತಿ ಲಿಲಿ ಲಾ ಸಾಂಕಾ, ಆ ದಿನ ಕೆನ್‌ನ ಕಾರಿನಲ್ಲಿ ಜಿಮ್ ಕುಳಿತದ್ದನ್ನು ಕಂಡಿರುತ್ತಾಳೆ. ಅವಳು ಹಣ ಕೇಳಿದಾಗ ಕೆನ್ ಶಾಂಪೇನ್ ಬಾಟಲಿಯಿಂದ ಹೊಡೆದು ಕೊಂದು, ಹೆಣವನ್ನು ಸರೋವರಕ್ಕೆ ಹಾಕುತ್ತಾನೆ. ಮೊದಲ ಕೊಲೆಯ ನಾಜೂಕಿಗೂ ಎರಡನೆಯದರ ಒರಟುತನಕ್ಕೂ ಹೊಂದಿಕೆಯೇ ಇಲ್ಲ. ಹಿಂದೆ ಇದು ಚಿತ್ರಕಥೆಯ ಸಡಿಲು ಎಂದುಕೊಂಡಿದ್ದೆನಲ್ಲ, ನನ್ನದೇ ಅವಸರ. ಕೊಲಂಬೊ ಹಿಡಿಯುವುದೇ ಆ ವ್ಯತ್ಯಾಸವನ್ನು. ಎರಡನೆಯದು ಕೆನ್‌ನ ಕೈಬರಹವಾದರೆ, ಮೊದಲನೆಯದು ಜಿಮ್‌ನ ತಲೆಯಿಂದ ಬಂದ ಕಥೆಯೇ ಇರಬೇಕು ಎಂಬುದು ಅವನ ತರ್ಕ. ಸಿಕ್ಕ ಚೂರುಪಾರು ಕಾಗದಗಳಲ್ಲೆಲ್ಲ ಕಥೆಯ ಎಳೆಗಳನ್ನು ಗೀಚಿಡುವ ಅಭ್ಯಾಸ ಜಿಮ್‌ಗಿತ್ತು; ಆ ರಾಶಿಯಲ್ಲಿ ಈ ಕೊಲೆಯ ಉಪಾಯವೂ ಸಿಕ್ಕುತ್ತದೆ.

ನ್ಯಾಯಾಲಯದಲ್ಲಿ ಆ ಚೀಟಿ ಎಷ್ಟು ಹೊತ್ತು ನಿಲ್ಲುತ್ತಿತ್ತೋ ಎಂಬ ತಕರಾರು ನನಗೆ ಈಗಲೂ ಇದೆ. ಒಳ್ಳೆಯ ವಕೀಲನೊಬ್ಬ ಹತ್ತು ನಿಮಿಷದಲ್ಲಿ ಅದನ್ನು ಹರಿದು ಹಾಕಿಯಾನು. ಆದರೆ ಕೆನ್ ವಾದಿಸುವ ಗೋಜಿಗೇ ಹೋಗುವುದಿಲ್ಲ. ಈ ಧಾರಾವಾಹಿಯಲ್ಲಿ ಮೂರು ಬಾರಿ ಕೊಲೆಗಾರನಾಗಿ ಬಂದ ಜ್ಯಾಕ್ ಕ್ಯಾಸಿಡಿ, ಇಲ್ಲಿ ಕೆನ್ ಆಗಿ ತನ್ನ ಮುಖದ ಆ ಠೀವಿಯ ನಗೆಯನ್ನು ನಿಧಾನವಾಗಿ ಇಳಿಸಿ, ಆ ಉಪಾಯ ಜಿಮ್‌ನದಲ್ಲ, ತನ್ನದೇ ಎಂದು ಹೇಳುತ್ತಾನೆ. ತನಗೆ ಹೊಳೆದ ಒಂದೇ ಒಂದು ಒಳ್ಳೆಯ ಕಥೆ ಅದಂತೆ; ವರ್ಷಗಳ ಹಿಂದೆ ಗೆಳೆಯನಿಗೆ ತಾನೇ ಅದನ್ನು ಹೇಳಿದ್ದನಂತೆ. ಜಿಮ್ ಅದನ್ನು ಬರೆದಿಟ್ಟಿರಬಹುದೆಂದು ಮಾತ್ರ ಎಣಿಸಿರಲಿಲ್ಲವಂತೆ. ಕೊಲೆಯ ಆರೋಪಕ್ಕಿಂತ, ಆ ಕಥೆ ಇನ್ನೊಬ್ಬನ ಲೆಕ್ಕಕ್ಕೆ ಹೋಗುವುದನ್ನು ಸಹಿಸಲಾರದ ದನಿ ಅದು.

ನೋಡಿ ಮುಗಿಸುವಾಗ ಗಂಟೆ ಎರಡು. ಆ ಕೊನೆಯ ಮಾತಿಗಾಗಿ ಒಂದು ನಿಮಿಷ ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದೆ.