ಮೂರು ಜಿಲ್ಲೆಗೆ ಒಂದೇ ಮನೆ

"ಮುಖ ಎತ್ತು ಮಗ, ಯಾಕಂಗೆ ಕೆಳಗೆ ನೋಡ್ತೀಯ?"

"ನಿನ್ನೇ ನೋಡ್ತಿದ್ದೀನಮ್ಮ."

ಮಂಗಳವಾರದಿಂದ ಈ ಎರಡು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಆ ತಾಯಿ ಅದನ್ನೇ ಕೇಳುತ್ತಿದ್ದರು, ಹುಡುಗ ಅದನ್ನೇ ಹೇಳುತ್ತಿದ್ದ.

ಇಬ್ಬರ ಮಾತೂ ನಿಜ. ನಾನು ಓದು-ಬರಹ ಹೇಳಿಕೊಡಲು ಹೋಗುವುದು ಬಾಲಕರ ವೀಕ್ಷಣಾಲಯಕ್ಕೆ, ಅಂದರೆ ಅಪರಾಧದ ಆರೋಪ ಹೊತ್ತ ಹುಡುಗರನ್ನು ವಿಚಾರಣೆ ಮುಗಿಯುವವರೆಗೆ ಇಡುವ ಮನೆಗೆ. ಅಲ್ಲಿಗೆ ಈಗ ವಿಡಿಯೋ ಕಾಲ್ ಸೌಲಭ್ಯ ಬಂದಿದೆ. ಮಾನಿಟರ್ ಮೇಜಿನ ಮೇಲಿದೆ. ಕ್ಯಾಮೆರಾನ ಮಾತ್ರ ಹುಡುಗರ ಕೈಗೆ ಸಿಗಬಾರದು ಅಂತ ಗೋಡೆಯ ಮೇಲೆ ಎತ್ತರದಲ್ಲಿ ಕೂರಿಸಿದ್ದಾರೆ. ಅಮ್ಮನ ಮುಖ ನೋಡಬೇಕು ಅಂದರೆ ಹುಡುಗ ಕೆಳಗೇ ನೋಡಬೇಕು. ಆ ಕಡೆ ಅಮ್ಮನಿಗೆ ಕಾಣುವುದು ಬರೀ ಅವನ ತಲೆಗೂದಲು, ಹಣೆ.

ಸ್ವಲ್ಪ ಹೊತ್ತಿಗೆ ಆಕೆಯ ದನಿ ಬದಲಾಯಿತು. "ಹೊಡೆದ್ರೇನೋ ನಿಂಗೆ? ಮುಖ ತೋರಿಸು." ಹುಡುಗ ಕ್ಯಾಮೆರಾ ಕಡೆ ಕತ್ತೆತ್ತಿದ. ಆಗ ಅವನಿಗೆ ಅಮ್ಮ ಕಾಣಲಿಲ್ಲ. ಮತ್ತೆ ಕಣ್ಣು ಕೆಳಗಿಳಿಸಿದ. ಗೃಹಪಾಲಕರು ಕುರ್ಚಿ ಹಿಂದಕ್ಕೆ ಎಳೆದು ಕೂರಿಸಿದರು. ಮುಖವೇನೋ ಕಂಡಿತು, ಆದರೆ ಅಂಗೈಯಷ್ಟು ಚಿಕ್ಕದಾಗಿ. ಆ ಗೃಹಪಾಲಕರು ತುಂಬಾ ಒಳ್ಳೆಯವರು. ರಾತ್ರಿ ಪಾಳಿ ಮುಗಿದಿದ್ದರೂ ಈ ಕಾಲ್‌ಗೋಸ್ಕರ ಉಳಿದುಕೊಂಡಿದ್ದರು. ಅಂಥವರು ಇರುವುದರಿಂದಲೇ ಅದನ್ನು ಮನೆ ಅಂತ ಕರೆಯಬಹುದು.

ನನಗೆ ಸಿಟ್ಟು ಬಂದಿದ್ದು ಕಚೇರಿಯವರೊಬ್ಬರ ಮೇಲೆ. "ವಿಡಿಯೋ ಇದೆಯಲ್ಲ ಮೇಡಂ, ಇನ್ನು ಅವರು ಇಲ್ಲೀವರೆಗೂ ಬರೋದ್ಯಾಕೆ?" ಅಂದರು. ಯಾಕೆ ಅಂದರೆ, ತಾಯಿಗೆ ಮಗನ ಬೆನ್ನು ಸವರಿ ನೋಡಬೇಕಿರುತ್ತದೆ. ಹೊಡೆದಿಲ್ಲ ಅನ್ನುವುದು ಕೈಗೆ ಗೊತ್ತಾಗಬೇಕು.

2015ರ ಬಾಲನ್ಯಾಯ ಕಾಯ್ದೆ ಜಿಲ್ಲೆಗೊಂದು ಇಲ್ಲವೇ ಕೆಲವು ಜಿಲ್ಲೆಗಳಿಗೆ ಸೇರಿ ಒಂದು ವೀಕ್ಷಣಾಲಯ ಇರಲಿ ಅನ್ನುತ್ತದೆ. ನಮ್ಮದು ಮೂರು ಜಿಲ್ಲೆಗಳಿಗೆ ಸೇರಿ ಒಂದು. ಹತ್ತಾರು ಹುಡುಗರಿಗಾಗಿ ಪ್ರತಿ ಜಿಲ್ಲೆಯಲ್ಲೂ ಕಟ್ಟಡ, ಆಪ್ತ ಸಮಾಲೋಚಕರು, ಅಡುಗೆಯವರು, ಕಾವಲು ಅಂತ ಇಡುವುದು ಕಷ್ಟ, ಒಪ್ಪುತ್ತೇನೆ. ಆದರೆ ಹೀಗೆ ಉಳಿದ ಖರ್ಚನ್ನು ಈಗ ಭರಿಸುತ್ತಿರುವವರು ಯಾರು? ಆ ತಾಯಿಯೇ ಅಲ್ವಾ! 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಅದು ದೊಡ್ಡ ಉಪಕಾರ. ಆದರೂ ಅವತ್ತಿನ ಕೂಲಿ ಹೋಗುತ್ತದೆ. ಕೊನೇ ಬಸ್ಸು ತಪ್ಪಿದರೆ ಸ್ಟ್ಯಾಂಡಿನಲ್ಲೇ ಮಲಗಬೇಕು.

ಹುಡುಗನಿಗೆ ಜಾಮೀನು ಸಿಕ್ಕಿದೆ. ಸಹಿ ಹಾಕಿ ಕರೆದುಕೊಂಡು ಹೋಗಲು ಯಾರೂ ಬಂದಿಲ್ಲ, ಅಷ್ಟೇ. ಜಾಮೀನಿನ ಷರತ್ತು ಪೂರೈಸಲು ಏಳು ದಿನದಲ್ಲಿ ಆಗದಿದ್ದರೆ ಮಗುವನ್ನು ಮತ್ತೆ ಇಂಥ ಮಕ್ಕಳ ಕೇಸು ನೋಡುವ ಬಾಲನ್ಯಾಯ ಮಂಡಳಿ ಮುಂದೆ ತಂದು ಷರತ್ತು ಬದಲಿಸಬೇಕು ಅಂತ ಕಾನೂನೇ ಹೇಳುತ್ತದೆ. ಮಂಡಳಿ ಇರುವುದು ಅವನ ಜಿಲ್ಲೆಯಲ್ಲಿ, ಹುಡುಗ ಇರುವುದು ಇಲ್ಲಿ. ನಡುವೆ ವಾಹನ ಬೇಕು, ಜೊತೆಗೆ ಬರಲು ಪೊಲೀಸರು ಬೇಕು, ಅವರೂ ಯೂನಿಫಾರ್ಮ್ ಇಲ್ಲದೆ ಬರಬೇಕು. ಹಬ್ಬದ ಬಂದೋಬಸ್ತು ಅಂತ ಆ ವಾರ ಸಿಬ್ಬಂದಿ ಸಿಗಲಿಲ್ಲವಂತೆ. ಬೈಕ್ ಕದ್ದಿದ್ದಾನೆ ಅನ್ನುವ ಆರೋಪಕ್ಕಿಂತ ಈ ದೂರವೇ ಅವನನ್ನು ಜಾಸ್ತಿ ದಿನ ಒಳಗಿಟ್ಟಿದೆ.

ವೀಕ್ಷಣಾಲಯವನ್ನು ಆಧುನಿಕ ಮಾಡುತ್ತೇವೆ ಅಂತ ರಿಪೇರಿ ಮಾಡಿಸಿದ್ದಕ್ಕೆ ನನಗೆ ನಿಜವಾಗಲೂ ಖುಷಿ ಇದೆ. ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದ್ದಾರೆ. ಹದಿನಾರು ವರ್ಷದ ಹುಡುಗನಿಗೆ ಅದು ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ಹೊಳೆಯುವುದಿಲ್ಲ. ಮಲಗುವ ಕೋಣೆಯಲ್ಲಿ ತಲೆಗೆ ನಲವತ್ತು ಚದರಡಿ ಇರಬೇಕು ಅನ್ನುವ ನಿಯಮವನ್ನೂ ಪಾಲಿಸಿದ್ದಾರೆ. ಆದರೆ ಆಧುನಿಕ ಮಾಡುವ ಪಟ್ಟಿಯಲ್ಲಿ ಒಂದು ವ್ಯಾನ್, ಅಪ್ಪ-ಅಮ್ಮ ಒಂದು ರಾತ್ರಿ ತಂಗಲು ಒಂದು ಕೋಣೆ ಯಾಕೆ ಇಲ್ಲ? ಸಿಸಿಟಿವಿಗಿಂತ ಮೊದಲು ಬರಬೇಕಾಗಿದ್ದು ಅವು.

ಬುಧವಾರ ಸೂಪರಿಂಟೆಂಡೆಂಟ್ ಮೇಡಂ ಹತ್ತಿರ ಎರಡು ಕೆಲಸ ಕೇಳಿದೆ. ಒಂದು, ಕ್ಯಾಮೆರಾನ ಮಾನಿಟರ್ ಪಕ್ಕಕ್ಕೆ ಇಳಿಸುವುದು. ಅದನ್ನು ಮಧ್ಯಾಹ್ನವೇ ಮಾಡಿಸಿದರು. ಇನ್ನೊಂದು, ಹುಡುಗನನ್ನು ಅವನ ಜಿಲ್ಲೆಗೆ ಕಳಿಸುವುದು. ಅದಕ್ಕೆ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಮಂಡಳಿಗೂ ಪೊಲೀಸರಿಗೂ ಪತ್ರ ಬರೆದಿದ್ದಾರೆ. ಸೋಮವಾರ ಎಸ್ಕಾರ್ಟ್ ಕೊಡುತ್ತೇವೆ ಅಂದಿದ್ದಾರಂತೆ. ತಾಯಿಗೆ ಫೋನ್ ಮಾಡಿ, ಆಧಾರ್ ಕಾರ್ಡ್ ತಗೊಂಡು ಹತ್ತು ಗಂಟೆಗೆ ಮಂಡಳಿ ಹತ್ತಿರ ಬನ್ನಿ ಅಂತ ಹೇಳಿದ್ದೇನೆ.