ನಾಲ್ಕು ಹಲ್ಲಿನ ಕುರಿ, ಡೀಸೆಲ್ ಕಾರು

ನ್ಯೂಜಿಲೆಂಡಿನಿಂದ ಚಳ್ಳಕೆರೆಗೆ ವಾಪಸ್ ಬಂದು ಹನ್ನೆರಡು ದಿನ ಆಗಿತ್ತು. ಕ್ರೆಡಿಟ್ ಕಾರ್ಡಿನಿಂದ 106 ಡಾಲರ್ ಕಡಿತವಾಗಿದೆ ಎಂದು ಮೆಸೇಜ್ ಬಂತು. ತಪ್ಪು ನನ್ನದೇ. ಆದರೂ ಹೊಟ್ಟೆ ಉರಿಯುತ್ತದೆ.

ಕ್ರೈಸ್ಟ್‌ಚರ್ಚ್‌ನಲ್ಲಿ ಬಾಡಿಗೆ ಕಾರು ತಗೊಳ್ಳುವಾಗ ಪೆಟ್ರೋಲಾ, ಡೀಸೆಲ್ಲಾ ಎಂದು ಕೇಳಿದ್ದರು. ಬಂಕಿನ ಬೋರ್ಡಿನಲ್ಲಿ ಡೀಸೆಲ್ ಅಗ್ಗ ಇತ್ತು. ಭಾರಿ ಬುದ್ಧಿವಂತನ ಹಾಗೆ ಡೀಸೆಲ್ ಅಂದೆ. ಅಲ್ಲಿ ಪೆಟ್ರೋಲಿನ ಬೆಲೆಯಲ್ಲೇ ರಸ್ತೆ ತೆರಿಗೆ ಸೇರಿರುತ್ತದೆ. ಡೀಸೆಲ್ ಗಾಡಿಗೆ ಓಡಿದಷ್ಟಕ್ಕೆ ಬೇರೆ ಕಟ್ಟಬೇಕು, 1,000 ಕಿಲೋಮೀಟರಿಗೆ 76 ಡಾಲರ್. ನಾವು ಓಡಿಸಿದ್ದು 1,400. ಇದೆಲ್ಲ ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿತ್ತು, ನಾನು ಓದದೆ ಸಹಿ ಹಾಕಿದ್ದೆ. ನೀವು ಹೋದರೆ ಈ 'ರೋಡ್ ಯೂಸರ್ ಚಾರ್ಜ್' ಬಾಡಿಗೆಯಲ್ಲಿ ಸೇರಿದೆಯಾ ಎಂದು ಮೊದಲೇ ಕೇಳಿ.

ಉಳಿದದ್ದೆಲ್ಲ ಸಲೀಸು. ನಮ್ಮ ಹಾಗೆಯೇ ರಸ್ತೆಯ ಎಡಗಡೆ ಓಡಿಸುತ್ತಾರೆ. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸೇ ನಡೆಯುತ್ತದೆ. ಒಂದೇ ಗಾಡಿ ಹಿಡಿಸುವ ಸೇತುವೆಗಳು ಬಹಳ. ಬೋರ್ಡಿನಲ್ಲಿ ನಮ್ಮ ಕಡೆಯ ಬಾಣ ಸಣ್ಣದಾಗಿ ಕೆಂಪಗಿದ್ದರೆ, ಎದುರು ಗಾಡಿ ಬರುವಾಗ ನಾವು ನಿಲ್ಲಬೇಕು. ಎಲ್ಲರೂ ನಿಲ್ಲುತ್ತಾರೆ, ಕೈ ಬೇರೆ ಎತ್ತುತ್ತಾರೆ! ದಾವಣಗೆರೆಯ ಅಶೋಕ ಟಾಕೀಸ್ ರೈಲ್ವೆ ಗೇಟಿನಲ್ಲಿ ಕಾದು ಬೆಳೆದವನಿಗೆ ಇದೇ ಒಂದು ನೋಟ.

ಮೂರನೇ ದಿನ ಫೇರ್ಲಿ ಎಂಬ ಊರು ದಾಟಿ ಸುಮ್ನೆ ಒಂದು ಅಡ್ಡರಸ್ತೆಗೆ ಇಳಿದೆವು. ತಿರುವಿನಲ್ಲಿ ರಸ್ತೆ ತುಂಬ ಕುರಿ.

"ನಿಲ್ಸಲೇ, ನಿಲ್ಸು" ಎಂದರು ಅಪ್ಪ. ನಾನು ನಿಲ್ಲಿಸುವ ಮೊದಲೇ ಬಾಗಿಲಿಗೆ ಕೈ ಹಾಕಿದ್ದರು.

ಅಪ್ಪ ನಲವತ್ತು ವರ್ಷ ಕುರಿ ಕಾಯ್ದವರು. ನಮ್ಮೂರ ಹುಲ್ಲುಗಾವಲು ಅಮೃತ್ ಮಹಲ್ ಕಾವಲಿಗೆ ಗೋಡೆ ಎದ್ದ ಮೇಲೆ ಮೇಯಿಸಲು ಜಾಗ ಸಾಲದೆ ಹಿಂಡು ಮಾರಿದರು. ಆಮೇಲೆ ಕುರಿಯ ಮಾತು ಎತ್ತಿದ್ದು ಕಡಿಮೆ.

ಹಿಂಡಿನ ಹಿಂದೆ ನಾಲ್ಕು ಚಕ್ರದ ಬೈಕಿನಲ್ಲಿ ಒಬ್ಬ ರೈತ. ಕುಂಟುತ್ತಿದ್ದ ಒಂದು ಕುರಿಯನ್ನು ಹಿಡಿದು ಗೊರಸು ನೋಡುತ್ತಿದ್ದ. ಅಪ್ಪ ಹತ್ತಿರ ಹೋಗಿ, ಯಾರನ್ನೂ ಕೇಳದೆ, ಅದರ ಕೆಳತುಟಿ ಇಳಿಸಿ ನೋಡಿದರು. ಕುರಿಯ ವಯಸ್ಸು ಹೇಳುವುದು ಹಲ್ಲು ಎಣಿಸಿಯೇ. ನನಗೆ ಗಾಬರಿ. ಇವರ ಕುರಿ ಮುಟ್ಟಿದರೆ ಏನಂತಾರೋ!

"ನಾಲ್ಕು ಹಲ್ಲು" ಎಂದರು ಅಪ್ಪ, ನನ್ನ ಕಡೆ ತಿರುಗಿ. ನಾಲ್ಕು ಬೆರಳನ್ನೂ ತೋರಿಸಿದರು.

ಆತ ನಕ್ಕ. "ಫೋರ್ ಟೂತ್" ಎಂದ.

ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ. ಅಪ್ಪ ನಂಬಲಿಲ್ಲ. ನಾನೇ ಸೇರಿಸಿ ಹೇಳುತ್ತಿದ್ದೇನೆ ಅಂದುಕೊಂಡರು. "ಎಂಟೂ ಬಂದ್ರೆ ಏನಂತಾರೆ, ಕೇಳು" ಎಂದರು.

ಕೇಳಿದೆ. "ಫುಲ್ ಮೌತ್."

"ಬಾಯಿ ತುಂಬಿದ್ದು ಅಂತಾರಪ್ಪ."

"ನಮ್ಮ ಬಾಯಿಗೂಡಿದ್ದೇ ಅಲ್ವೇನೋ ಅದು!"

ಅಲ್ಲಿಂದ ಮುಂದೆ ನನ್ನ ಕೆಲಸ ಜಾಸ್ತಿ ಇರಲಿಲ್ಲ. ಅಪ್ಪ ಉಣ್ಣೆಯನ್ನು ಎರಡು ಬೆರಳಲ್ಲಿ ಉಜ್ಜಿ, "ಮೆತ್ತಗೈತೆ, ಕಂಬಳಿಗೆ ಬರಲ್ಲ" ಎಂದು ತೀರ್ಪು ಕೊಟ್ಟರು. ಇದನ್ನು ನಾನು ಅನುವಾದ ಮಾಡಲಿಲ್ಲ. ಆತ ಒಂದು ಸಿಳ್ಳೆ ಹಾಕಿದ. ನಾಯಿ ಇಡೀ ಹಿಂಡನ್ನು ಬೇಲಿಯ ಪಕ್ಕಕ್ಕೆ ತಿರುಗಿಸಿತು. ಅಪ್ಪ ಬಾಯಿ ಬಿಟ್ಟುಕೊಂಡು ನೋಡಿದರು. ನಮ್ಮ ಕಡೆ ನಾಯಿ ಇರುವುದು ತೋಳದಿಂದ ಕಾಯಲಿಕ್ಕೆ, ಹಿಂಡು ತಿರುಗಿಸುವುದು ಮನುಷ್ಯನ ಗಂಟಲು.

ಟೆಕಾಪೋ ಸರೋವರ ನೀಲಿ. ಎಲ್ಲರೂ ಅಲ್ಲಿಯ ಕಲ್ಲಿನ ಚರ್ಚಿನ ಫೋಟೋ ತೆಗೆಯುತ್ತಾರೆ. ಅಪ್ಪ ನಿಂತದ್ದು ಪಕ್ಕದಲ್ಲಿರುವ ಕುರಿನಾಯಿಯ ಕಂಚಿನ ಪ್ರತಿಮೆಯ ಮುಂದೆ. ಚಪ್ಪಲಿ ಬಿಟ್ಟು ನಿಂತಿದ್ದರು. 3,724 ಮೀಟರಿನ ಮೌಂಟ್ ಕುಕ್ ಮೋಡದೊಳಗಿತ್ತು, ನಮಗೆ ಕಾಣಲಿಲ್ಲ. ಕ್ವೀನ್ಸ್‌ಟೌನ್ ಬರೀ ಅಂಗಡಿ.

106 ಡಾಲರಿನ ವಿಷಯ ಅಪ್ಪನಿಗೆ ಹೇಳಿದೆ. ಎಷ್ಟು ರೂಪಾಯಿ ಎಂದು ಕೇಳಿದರು. ಐದು ಸಾವಿರದ ಮೇಲೆ ಎಂದೆ.

"ಒಂದು ಕುರಿಮರೀನ ತೋಳ ಹಿಡಿತು ಅನ್ಕೋ" ಎಂದು ಹೇಳಿ, ಟೀ ಅಂಗಡಿ ಕಡೆ ಹೊರಟರು. ನಾಲ್ಕು ಹಲ್ಲಿನ ಕಥೆ ಅಲ್ಲಿ ಇನ್ನೂ ಒಬ್ಬಿಬ್ಬರು ಕೇಳಿರಲಿಲ್ಲವಂತೆ.